ಕೆಂದಲೆ ಗಿಳಿ

ಕೆಂದಲೆ ಗಿಳಿಯು ಭಾರತ ಉಪಖಂಡದಲ್ಲಿ ಮಾತ್ರ ಕಂಡುಬರುವ, ನೀಳವಾದ ಬಾಲವುಳ್ಳ, ಚಿಕ್ಕ ಗಾತ್ರದ ಒಂದು ಗಿಳಿ ಪ್ರಭೇದ. ಇದರ ವೈಜ್ಞಾನಿಕ ಹೆಸರು ಸಿಟ್ಟಾಕುಲ ಸಯನೊಸೆಫಲ. ಇಂಗ್ಲಿಷಿನಲ್ಲಿ ಇದನ್ನು ಪ್ಲಮ್ ಹೆಡೆಡ್ ಪ್ಯಾರಕೀಟ್ ಎಂದು ಕರೆಯುತ್ತಾರೆ. ಹಿಮಾಲಯದ ತಪ್ಪಲಿನಿಂದ ದಕ್ಷಿಣಕ್ಕೆ ಶ್ರೀಲಂಕಾದವರೆಗೆ ಇದರ ನೆಲೆ ಹಬ್ಬಿದೆ. ಪಶ್ಚಿಮ ಭಾರತದ ಮರುಭೂಮಿ ಪ್ರದೇಶದಲ್ಲಿ ಇದು ಇಲ್ಲ. ಕರ್ನಾಟಕದಲ್ಲಿ ಎಲೆಯುದುರುವ ಕಾಡುಗಳು ಮತ್ತು ಅವುಗಳ ಅಂಚಿನ ಹೊಲ-ತೋಟಗಳು ಇದರ ವಾಸಸ್ಥಾನಗಳು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತಲಿನ ಕಾವೇರಿ ತೀರದ ಕಾಡು ಅಂತಹ ನೆಲೆಗಳಲ್ಲಿ ಒಂದು.

ಊರು-ಕೇರಿಗಳಲ್ಲಿ ಎಲ್ಲರೂ ಕಂಡಿರುವ ಹಸಿರು ಗಿಳಿಯಷ್ಟು ಇದು ಜನರ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಸಂಖ್ಯೆಯೊಂದೇ ಕಾರಣವಲ್ಲ. ಕಾಡಿನ ಮರಗಳನ್ನು ಬಿಟ್ಟು ದೂರ ಹೋಗದ ಇದರ ಸ್ವಭಾವವೂ, ಗುಂಪಿನಲ್ಲಿ ಕೆಂಪು ತಲೆಯ ಹಕ್ಕಿಗಳು ಕೆಲವೇ ಇರುವುದೂ ಇದು ವಿರಳವೆಂಬ ಭಾವನೆಯನ್ನು ಮೂಡಿಸುತ್ತವೆ.

ಹೆಸರು ಮತ್ತು ವರ್ಗೀಕರಣ

ಸ್ವೀಡನ್ನಿನ ನಿಸರ್ಗ ವಿಜ್ಞಾನಿ ಕಾರ್ಲ್ ಲಿನೇಯಸ್ 1766ರಲ್ಲಿ ಈ ಪ್ರಭೇದಕ್ಕೆ ವೈಜ್ಞಾನಿಕ ಹೆಸರನ್ನು ನೀಡಿದನು. ಸಯನೊಸೆಫಲ ಎಂಬುದು ಗ್ರೀಕ್ ಮೂಲದ ಪದ. ಅದರ ಅರ್ಥ ‘ನೀಲಿ ತಲೆಯದು’ ಎಂದು. ಹೀಗೆ ವಿಜ್ಞಾನದ ಹೆಸರು ನೀಲಿಯನ್ನೂ, ಇಂಗ್ಲಿಷಿನ ಹೆಸರು ಪ್ಲಮ್ ಹಣ್ಣಿನ ನೇರಳೆಗೆಂಪನ್ನೂ, ಕನ್ನಡದ ಹೆಸರು ಕೆಂಪನ್ನೂ ಸೂಚಿಸುತ್ತವೆ. ಮೂರೂ ಸುಳ್ಳಲ್ಲ. ಗಂಡು ಹಕ್ಕಿಯ ತಲೆಯಲ್ಲಿ ಈ ಮೂರು ಬಣ್ಣಗಳೂ ಒಂದರೊಳಗೊಂದು ಬೆರೆತಿವೆ. ಯಾವುದು ಎದ್ದು ಕಾಣುತ್ತದೆ ಎಂಬುದು ಬೆಳಕನ್ನೂ ನೋಡುವ ಕೋನವನ್ನೂ ಅವಲಂಬಿಸಿದೆ.

ಕನ್ನಡದಲ್ಲಿ ಗಿಳಿ, ಗಿಣಿ, ಅರಗಿಳಿ, ಶುಕ ಮುಂತಾದ ಪದಗಳು ಪ್ರಭೇದಭೇದವಿಲ್ಲದೆ ಬಳಕೆಯಲ್ಲಿವೆ. ಈ ಪ್ರಭೇದವು ಸಿಟ್ಟಾಸಿಫಾರ್ಮಿಸ್ ಗಣದ ಸಿಟ್ಟಾಕುಲಿಡೆ ಕುಟುಂಬಕ್ಕೆ ಸೇರುತ್ತದೆ. ಇತ್ತೀಚಿನ ಕೆಲವು ವರ್ಗೀಕರಣಗಳು ಇದನ್ನೂ ಇದರ ಹತ್ತಿರದ ಸಂಬಂಧಿಗಳನ್ನೂ ಹಿಮಾಲಯಾಸಿಟ್ಟ ಎಂಬ ಬೇರೆ ಜಾತಿಯಲ್ಲಿ ಇರಿಸುತ್ತವೆ; ಆದ್ದರಿಂದ ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬೇರೆಯಾಗಿ ಕಂಡರೆ ಹಕ್ಕಿಯೂ ಬೇರೆ ಎಂದು ಭಾವಿಸಬೇಕಾಗಿಲ್ಲ.

ರೂಪ

ಕೊಕ್ಕಿನಿಂದ ಬಾಲದ ತುದಿಯವರೆಗೆ ಇದರ ಉದ್ದ ಸುಮಾರು 33 ಸೆಂ.ಮೀ. ಅದರಲ್ಲಿ ಬಾಲವೇ 22 ಸೆಂ.ಮೀ.ವರೆಗೆ ಇರಬಹುದು. ಬಾಲವನ್ನು ಬಿಟ್ಟರೆ ಉಳಿಯುವ ದೇಹ ಬಹಳ ಸಣ್ಣದು. ತೂಕದಲ್ಲಿ ಇದು ಊರಿನ ಸಾಮಾನ್ಯ ಗಿಳಿಯ ಸುಮಾರು ಅರ್ಧದಷ್ಟು ಮಾತ್ರ. ಎಲ್ಲ ಗಿಳಿಗಳಂತೆ ಇದರ ಕಾಲಿನಲ್ಲಿ ಎರಡು ಬೆರಳುಗಳು ಮುಂದಕ್ಕೂ ಎರಡು ಹಿಂದಕ್ಕೂ ತಿರುಗಿವೆ.

ವಯಸ್ಕ ಗಂಡಿನ ಮುಖ ಮತ್ತು ನೆತ್ತಿಯ ಮುಂಭಾಗ ಗುಲಾಬಿಗೆಂಪು. ಹಿಂದಕ್ಕೆ ಹೋದಂತೆ ಈ ಕೆಂಪು ನೇರಳೆಗೂ, ಕತ್ತಿನ ಹಿಂಭಾಗ ಮತ್ತು ಕೆನ್ನೆಯ ಬಳಿ ನೀಲಿಗೂ ತಿರುಗುತ್ತದೆ. ಎಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ತೊಡಗಿತೆಂದು ಗೆರೆ ಎಳೆದು ಹೇಳಲಾಗದು. ಅರೆಹಣ್ಣಾದ ನೇರಳೆಯ ಮೇಲೆ ಕಾಣುವ ಮಾಸಲು ಹೊಳಪನ್ನು ಇದು ನೆನಪಿಸುತ್ತದೆ. ಗಲ್ಲದ ಕೆಳಗಿನಿಂದ ಹೊರಟ ಕಪ್ಪು ಪಟ್ಟಿ ಕೊರಳನ್ನು ಸುತ್ತಿ ತಲೆಯ ಬಣ್ಣವನ್ನು ಮೈಯ ಹಸಿರಿನಿಂದ ಬೇರ್ಪಡಿಸುತ್ತದೆ. ಕತ್ತಿನ ಹಿಂಬದಿಯಲ್ಲಿ ಈ ಪಟ್ಟಿಯ ಕೆಳಗೆ ತಾಮ್ರದ ಕಿಲುಬಿನಂಥ ನೀಲಿಹಸಿರು ಇರುತ್ತದೆ. ಹೆಗಲಿನಲ್ಲಿ ಒಂದು ಸಣ್ಣ ಕೆಂಗಂದು ಮಚ್ಚೆ ಇದೆ. ಮೇಲಿನ ಕೊಕ್ಕು ಕಿತ್ತಳೆ ಬೆರೆತ ಹಳದಿ, ಕೆಳಗಿನದು ಕಪ್ಪು. ಬಾಲದ ನಡುವಿನ ಎರಡು ಉದ್ದ ಗರಿಗಳು ನೀಲಿಯಾಗಿದ್ದು ಅವುಗಳ ತುದಿ ಬಿಳಿ. ಹಾರುವಾಗ ಈ ಬಿಳಿ ತುದಿ ಸ್ಪಷ್ಟವಾಗಿ ಕಾಣುವುದರಿಂದ, ತಲೆಯ ಬಣ್ಣ ಕಾಣದಿದ್ದಾಗಲೂ ಗುರುತಿಸಲು ಇದೇ ಒಳ್ಳೆಯ ಲಕ್ಷಣ. ಮರದ ನೆರಳಿನಲ್ಲಿ ಕುಳಿತ ಗಂಡಿನ ತಲೆ ಕಪ್ಪಾಗಿಯೇ ಕಾಣುವುದುಂಟು.

ಹೆಣ್ಣಿನ ತಲೆ ನೀಲಿಬೂದು. ಅದರಲ್ಲಿ ಕೆಂಪಿನ ಸುಳಿವಿಲ್ಲ. ಕೊರಳಲ್ಲಿ ಕಪ್ಪು ಪಟ್ಟಿಯ ಬದಲಿಗೆ ಮಾಸಲು ಹಳದಿಯ ಬಳೆ ಇದೆ. ಹೆಗಲಿನ ಮಚ್ಚೆ ಇಲ್ಲ. ಮೇಲಿನ ಕೊಕ್ಕು ಮುಸುಕಿನ ಜೋಳದ ಕಾಳಿನಂತೆ ಹಳದಿ. ಮರಿಗಳು ಇವೆರಡನ್ನೂ ಹೋಲದೆ, ಹಸಿರು ತಲೆಯೊಂದಿಗೆ ಗೂಡಿನಿಂದ ಹೊರಬರುತ್ತವೆ. ಮೊದಲ ಬಾರಿ ಗರಿ ಬದಲಿಸಿದ ಮೇಲೆ ಗಂಡು ಮರಿಗೂ ಹೆಣ್ಣಿನಂತೆ ಬೂದು ತಲೆ ಬರುತ್ತದೆ. ಪೂರ್ಣ ಕೆಂಪು ತಲೆ ಮೂಡಲು ಎರಡರಿಂದ ಮೂರು ವರ್ಷಗಳು ಬೇಕು.

ಹೀಗೆ ಒಂದೇ ಪ್ರಭೇದದ ಹಕ್ಕಿಗಳು ಒಂದೇ ಗುಂಪಿನಲ್ಲಿ ಮೂರು ಬಗೆಯ ತಲೆಗಳೊಡನೆ ಕಾಣಿಸಿಕೊಳ್ಳುತ್ತವೆ. ಬೂದು ತಲೆಯವು ಬೇರೊಂದು ಜಾತಿಯೆಂದೂ, ಹಸಿರು ತಲೆಯವು ಸಾಮಾನ್ಯ ಗಿಳಿಗಳೆಂದೂ ತಿಳಿಯುವುದು ಹೊಸಬರಲ್ಲಿ ಸಹಜ. ಹತ್ತು ಹಕ್ಕಿಗಳ ಗುಂಪಿನಲ್ಲಿ ಎರಡು ಮೂರು ಮಾತ್ರ ಕೆಂಪು ತಲೆಯವಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಬಣ್ಣದ ಮೂಲ

ಹೆಚ್ಚಿನ ಹಕ್ಕಿಗಳಲ್ಲಿ ಕೆಂಪು ಮತ್ತು ಹಳದಿ ಗರಿಗಳ ಬಣ್ಣ ಆಹಾರದಿಂದ ಬರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ ಉಂಟಾಗುತ್ತದೆ. ಗಿಳಿಗಳು ಈ ನಿಯಮಕ್ಕೆ ಹೊರತು. ಅವುಗಳ ಕೆಂಪು, ಹಳದಿಗಳಿಗೆ ಕಾರಣವಾದ ಸಿಟ್ಟಕೋಫುಲ್ವಿನ್ ಎಂಬ ವರ್ಣದ್ರವ್ಯಗಳನ್ನು ಅವು ಬೆಳೆಯುತ್ತಿರುವ ಗರಿಯಲ್ಲೇ ತಯಾರಿಸಿಕೊಳ್ಳುತ್ತವೆ. ನೀಲಿಗೆ ಮಾತ್ರ ಯಾವ ವರ್ಣದ್ರವ್ಯವೂ ಇಲ್ಲ. ಗರಿಯ ಒಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ಕ್ರಮದಿಂದ ಅದು ನೀಲಿಯಾಗಿ ತೋರುತ್ತದೆ. ನೀಲಿ ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಉಳಿಯುವುದಿಲ್ಲ. ಈ ನೀಲಿಯ ಮೇಲೆ ಹಳದಿ ವರ್ಣದ್ರವ್ಯ ಸೇರಿದಾಗ ಗಿಳಿಯ ಹಸಿರು, ಕೆಂಪು ಸೇರಿದಾಗ ನೇರಳೆ. ಗಂಡಿನ ತಲೆಯ ಬಣ್ಣ ಮುಂದಿನಿಂದ ಹಿಂದಕ್ಕೆ ಮೆಲ್ಲನೆ ಬದಲಾಗುವುದು ಈ ಎರಡು ಮೂಲಗಳ ಪ್ರಮಾಣ ಬದಲಾಗುವುದರಿಂದ. ಗಿಳಿಗಳ ಕಣ್ಣು ಮನುಷ್ಯರಿಗೆ ಕಾಣದ ನೇರಳಾತೀತ ಬೆಳಕನ್ನೂ ಗ್ರಹಿಸುವುದರಿಂದ, ಒಂದು ಗಿಳಿಗೆ ಇನ್ನೊಂದು ಗಿಳಿ ನಮಗೆ ಕಂಡಂತೆಯೇ ಕಾಣುತ್ತದೆ ಎಂದು ಹೇಳಲಾಗದು.

ಹೋಲುವ ಗಿಳಿಗಳು

ಮುತ್ತತ್ತಿಯ ಕಡೆ ಇದರೊಡನೆ ಕಾಣುವುದು ಮುಖ್ಯವಾಗಿ ಗುಲಾಬಿ ಕೊರಳಿನ ಗಿಳಿ, ಅಂದರೆ ಊರಿನ ಸಾಮಾನ್ಯ ಗಿಳಿ. ಅದು ಗಾತ್ರದಲ್ಲಿ ದೊಡ್ಡದು, ಮೇಲಿನ ಕೊಕ್ಕು ಕೆಂಪು, ಬಾಲದ ತುದಿಯಲ್ಲಿ ಬಿಳಿ ಇಲ್ಲ. ಕೊಕ್ಕಿನ ಬಣ್ಣವನ್ನು ನೋಡಿದರೆ ಹಸಿರು ತಲೆಯ ಮರಿಯನ್ನೂ ಅದರಿಂದ ಬೇರ್ಪಡಿಸಬಹುದು. ಪಶ್ಚಿಮ ಘಟ್ಟದ ಮಳೆಕಾಡುಗಳಿಗೆ ಸೀಮಿತವಾದ ನೀಲಿ ರೆಕ್ಕೆಯ ಗಿಳಿಯಲ್ಲಿ ಮೈಯೂ ಬೂದಿಯಾಗಿರುತ್ತದೆ. ಮಳವಳ್ಳಿಯ ಒಣ ಸೀಮೆಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಬಂಗಾಳದಿಂದ ಪೂರ್ವಕ್ಕೆ ಇರುವ ಗುಲಾಬಿ ತಲೆಯ ಗಿಳಿ ಕೆಂದಲೆ ಗಿಳಿಯ ಅತ್ಯಂತ ಸಮೀಪದ ಬಂಧು. ಅದರ ಬಾಲದ ತುದಿ ತಿಳಿಹಳದಿ, ಹೆಣ್ಣಿನ ಹೆಗಲಲ್ಲೂ ಮಚ್ಚೆ ಇರುತ್ತದೆ.

ಸ್ವಭಾವ

ಕೆಂದಲೆ ಗಿಳಿ ಸಂಘಜೀವಿ, ಆದರೆ ಅಂಜುಬುರುಕ. ಜೋಡಿಯಾಗಿ ಅಥವಾ ಸಣ್ಣ ಗುಂಪುಗಳಲ್ಲಿ ಸಂಚರಿಸುತ್ತದೆ. ಫಲ-ಧಾನ್ಯ ಹೇರಳವಾಗಿರುವಲ್ಲಿ ಗುಂಪುಗಳು ಕೂಡಿ ದೊಡ್ಡದಾಗುತ್ತವೆ. ರಾತ್ರಿ ಅನೇಕ ಹಕ್ಕಿಗಳು ಒಂದೇ ತೋಪಿನಲ್ಲಿ ಒಟ್ಟಾಗಿ ತಂಗುತ್ತವೆ. ಒಂದು ಹಕ್ಕಿ ಬೆದರಿದರೆ ಸಾಕು, ಇಡೀ ಗುಂಪು ಒಮ್ಮೆಲೇ ಮರ ಬಿಡುತ್ತದೆ.

ಇದರ ಹಾರಾಟ ಬಹಳ ವೇಗದ್ದು. ಊರಿನ ಗಿಳಿಗಳು ಬಯಲಿನ ಮೇಲೆ ನೇರವಾಗಿ ಹೋಗುವವು. ಇವು ಮರಗಳ ನಡುವೆ ಥಟ್ಟನೆ ಅತ್ತಿತ್ತ ತಿರುಗುತ್ತ, ಗುಂಪಿನ ಹಕ್ಕಿಗಳೆಲ್ಲ ಒಟ್ಟಿಗೆ ಹೊರಳುತ್ತ ಸಾಗುತ್ತವೆ. ಹಾರುವಾಗ ‘ಟುಯಿಂಕ್, ಟುಯಿಂಕ್’ ಎಂದು ಪ್ರಶ್ನೆ ಕೇಳುವ ಧಾಟಿಯಲ್ಲಿ ಕೂಗುತ್ತವೆ. ಈ ದನಿ ಊರಿನ ಗಿಳಿಯ ಕರ್ಕಶ ಕಿರುಚಾಟಕ್ಕಿಂತ ಮೃದುವಾಗಿದ್ದು ಕಿವಿಗೆ ಹಿತವಾಗಿದೆ. ಕಾಡಿನಲ್ಲಿ ಇದನ್ನು ಬಲ್ಲವರು ಬಹಳಷ್ಟು ಸಲ ಮೊದಲು ಕೇಳಿ ಆಮೇಲೆ ನೋಡುತ್ತಾರೆ.

ಜೋಡಿಯಲ್ಲಿ ಹೆಣ್ಣಿನದೇ ಮೇಲುಗೈ. ಬೆದೆಯ ಕಾಲವನ್ನು ಬಿಟ್ಟು ಉಳಿದ ದಿನಗಳಲ್ಲಿ ಗಂಡು ಹೆಣ್ಣಿನಿಂದ ಸ್ವಲ್ಪ ದೂರವೇ ಕುಳಿತುಕೊಳ್ಳುವುದನ್ನು ಕಾಣಬಹುದು. ಬಣ್ಣದ ವೈಭವ ಗಂಡಿನದಾದರೂ ಒಳ್ಳೆಯ ಕೊಂಬೆ ಯಾರದೆಂಬುದನ್ನು ಬೂದು ತಲೆಯ ಹೆಣ್ಣು ನಿರ್ಧರಿಸುತ್ತದೆ. ಗಿಳಿ ಜೋಡಿಗಳೆಂದರೆ ಸದಾ ಕೊಕ್ಕಿಗೆ ಕೊಕ್ಕು ತಾಗಿಸಿ ಕೂರುವವು ಎಂಬ ಜನಪ್ರಿಯ ಚಿತ್ರ ಈ ಪ್ರಭೇದಕ್ಕೆ ಪೂರ್ತಿಯಾಗಿ ಒಪ್ಪುವುದಿಲ್ಲ.

ಆಹಾರ

ಕಾಡಿನ ಹಣ್ಣುಗಳು, ಬೀಜಗಳು, ಮೊಗ್ಗುಗಳು, ದಳಗಳು ಮತ್ತು ಹೊಲದ ಕಾಳುಗಳು ಇದರ ಆಹಾರ. ಬೂರುಗ ಮತ್ತು ಮುತ್ತುಗದ ದಪ್ಪ ರಸಭರಿತ ದಳಗಳು ಇದಕ್ಕೆ ಪ್ರಿಯ. ಹಣ್ಣಿನ ತಿರುಳಿಗಿಂತ ಒಳಗಿನ ಬೀಜದ ಮೇಲೆ ಗಿಳಿಗಳ ಕಣ್ಣು. ಬೀಜವನ್ನು ಒಡೆದು ತಿನ್ನುವುದರಿಂದ ಪಿಕಳಾರ, ಕುಟ್ರುಹಕ್ಕಿಗಳಂತೆ ಇವು ಬೀಜ ಪ್ರಸಾರಕ್ಕೆ ಹೆಚ್ಚು ನೆರವಾಗುವುದಿಲ್ಲ. ಜೋಳ, ಮುಸುಕಿನ ಜೋಳದ ಹೊಲಗಳಿಗೂ ಹಣ್ಣಿನ ತೋಟಗಳಿಗೂ ಗುಂಪಾಗಿ ಇಳಿದು ನಷ್ಟ ಮಾಡುವುದುಂಟು. ತಿನ್ನುವುದಕ್ಕಿಂತ ಕಚ್ಚಿ ಬಿಸಾಡುವುದೇ ಹೆಚ್ಚು ಎಂಬುದು ಗಿಳಿಗಳ ಬಗ್ಗೆ ರೈತರ ಹಳೆಯ ದೂರು. ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅಟ್ಟಣೆ, ಕವಣೆ, ತಮಟೆ, ಬೆರ್ಚಪ್ಪಗಳು ಇವುಗಳನ್ನು ಓಡಿಸಲು ಬಳಸುವ ಸಾಂಪ್ರದಾಯಿಕ ಸಾಧನಗಳು.

ಸಂತಾನಾಭಿವೃದ್ಧಿ

ಭಾರತದಲ್ಲಿ ಇದರ ಮರಿ ಮಾಡುವ ಕಾಲ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಎಲೆಯುದುರುವ ಕಾಡಿನಲ್ಲಿ ಮುತ್ತುಗ, ಬೂರುಗಗಳು ಹೂಬಿಡುವುದೂ ಈ ಅವಧಿಯಲ್ಲೇ. ಪ್ರಣಯಕಾಲದಲ್ಲಿ ಗಂಡುಹೆಣ್ಣುಗಳು ಕೊಕ್ಕು ಉಜ್ಜಿಕೊಳ್ಳುತ್ತವೆ. ಗಂಡು ಹೆಣ್ಣಿಗೆ ಉಣಿಸುತ್ತದೆ. ಮರದ ಕಾಂಡದಲ್ಲಿ ಎರಡೂ ಸೇರಿ ಪೊಟರೆ ಕೊರೆಯುತ್ತವೆ, ಇಲ್ಲವೆ ಮರಕುಟಿಗ, ಕುಟ್ರುಹಕ್ಕಿಗಳು ಬಿಟ್ಟ ಪೊಟರೆಯನ್ನು ಅಗಲಿಸಿ ಬಳಸುತ್ತವೆ. ಹೆಣ್ಣು 4ರಿಂದ 6 ಬಿಳಿಯ ಮೊಟ್ಟೆಗಳನ್ನಿಟ್ಟು ಸುಮಾರು ಮೂರು ವಾರ ಕಾವು ಕೊಡುತ್ತದೆ. ಮರಿಗಳು ಆರೇಳು ವಾರಗಳಲ್ಲಿ ಪೊಟರೆ ಬಿಡುತ್ತವೆ.

ಪೊಟರೆ ಕೊರೆಯಲು ಎಲ್ಲ ಮರವೂ ಆಗುವುದಿಲ್ಲ. ಕಾಂಡ ಸಾಕಷ್ಟು ದಪ್ಪವಿರಬೇಕು. ಒಳಗೆ ಮರ ಮೆತ್ತಗಾಗಿರಬೇಕು. ಅಂದರೆ ಮರಕ್ಕೆ ವಯಸ್ಸಾಗಿರಬೇಕು. ಮೈನಾ, ಗೂಬೆ, ಊರಿನ ಗಿಳಿ ಮೊದಲಾದವೂ ಇಂಥ ಪೊಟರೆಗಳನ್ನೇ ಹುಡುಕುವುದರಿಂದ ಸ್ಪರ್ಧೆ ತೀವ್ರವಾಗಿರುತ್ತದೆ. ಹಣ್ಣು-ಕಾಳುಗಳು ಇಲ್ಲದಿದ್ದರೆ ಹಕ್ಕಿ ಬೇರೆಡೆಗೆ ಹಾರಿಹೋಗಬಹುದು, ಪೊಟರೆಯ ಮರ ಇಲ್ಲದಿದ್ದರೆ ಮರಿ ಮಾಡಲಾರದು.

ಮುತ್ತತ್ತಿಯ ಕಾಡಿನಲ್ಲಿ

ಮುತ್ತತ್ತಿಯು ಹಲಗೂರಿನ ಆಚೆ, ಕಾವೇರಿಯ ದಡದಲ್ಲಿ, ಗುಡ್ಡಗಳ ನಡುವೆ ಇರುವ ಪುಟ್ಟ ಊರು. ಸೀತೆಯ ಮೂಗುತಿಯ ಮುತ್ತು ನದಿಗೆ ಬಿದ್ದಾಗ ಹನುಮಂತನು ಅದನ್ನು ಎತ್ತಿಕೊಟ್ಟನೆಂಬ ಸ್ಥಳಪುರಾಣದಿಂದ ಈ ಹೆಸರು ಬಂದಿದೆ ಎನ್ನುತ್ತಾರೆ. ಇಲ್ಲಿಯ ಆಂಜನೇಯನಿಗೆ ಮುತ್ತತ್ತಿರಾಯನೆಂದು ಹೆಸರು. ಮಳವಳ್ಳಿ, ಮದ್ದೂರು ಕಡೆಯ ಅನೇಕ ಮನೆಗಳಿಗೆ ಇವನು ಮನೆದೇವರು. ಊರನ್ನು ಸುತ್ತುವರಿದ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಅಭಯಾರಣ್ಯದ ಭಾಗ. 2013ರ ವಿಸ್ತರಣೆಯ ಬಳಿಕ ಈ ಅಭಯಾರಣ್ಯದ ವಿಸ್ತೀರ್ಣ ಒಂದು ಸಾವಿರ ಚದರ ಕಿ.ಮೀ.ಗೂ ಹೆಚ್ಚು.

ಈ ಕಾಡಿಗೆ ಎರಡು ಮುಖಗಳಿವೆ. ಗುಡ್ಡದ ಮೇಲೆ ಕುರುಚಲು ಮತ್ತು ಎಲೆಯುದುರುವ ಒಣ ಕಾಡು; ಬೇಸಿಗೆಯಲ್ಲಿ ಅಲ್ಲಿ ನೆರಳೇ ಅಪರೂಪ. ನದಿಯ ಅಂಚಿನಲ್ಲಿ ಮಾತ್ರ ವರ್ಷವಿಡೀ ಹಸಿರಾಗಿರುವ ಮರಗಳ ಸಾಲು. ಅದರಲ್ಲಿ ಹೊಳೆಮತ್ತಿ, ಹುಣಸೆ, ಹೊಂಗೆ, ನೇರಳೆ ಮರಗಳಿವೆ. ಹೊಳೆಮತ್ತಿಯ ಬಿಳಿಯ ಹೆಗ್ಗಾಂಡಗಳು ಕೆಲವೆಡೆ ಹಲವರು ಕೈಹಿಡಿದು ಸುತ್ತುವರಿಯುವಷ್ಟು ದಪ್ಪ. ಕರ್ನಾಟಕದಲ್ಲಿ ಬೇರೆಡೆ ಅತಿ ವಿರಳವಾದ ಬೂದು ಬಣ್ಣದ ದೊಡ್ಡ ಅಳಿಲು ವಾಸಿಸುವುದು ಈ ಸಾಲಿನಲ್ಲೇ. ಕೆಂದಲೆ ಗಿಳಿ ಎರಡೂ ಮುಖಗಳನ್ನು ಬಳಸುತ್ತದೆ: ಗುಡ್ಡದ ಮುತ್ತುಗ ಹೂವಿಗೂ ಅಂಚಿನ ಹೊಲಗಳಿಗೂ ಹಾರಿ, ತಂಗಲು ಹೊಳೆಯ ದಡದ ದೊಡ್ಡ ಮರಗಳಿಗೆ ಬರುತ್ತದೆ. ಅಗಲವಾದ ಕಾಡು ಎಷ್ಟಿದ್ದರೂ ಈ ಕಿರಿದಾದ ದಡದ ಸಾಲಿಗೆ ಬದಲಿ ಇಲ್ಲ.

ಮೇಕೆದಾಟುವಿನಲ್ಲಿ 67.16 ಟಿ.ಎಂ.ಸಿ. ಸಾಮರ್ಥ್ಯದ ಸಮತೋಲನ ಜಲಾಶಯವನ್ನು ನಿರ್ಮಿಸುವ ಪ್ರಸ್ತಾವವನ್ನು ಕರ್ನಾಟಕ ಸರ್ಕಾರ ಮುಂದಿಟ್ಟಿದೆ. ಬೆಂಗಳೂರಿಗೆ ಕುಡಿಯುವ ನೀರು ಮತ್ತು ವಿದ್ಯುತ್ ಉತ್ಪಾದನೆ ಇದರ ಉದ್ದೇಶಗಳು. ಜಲಾಶಯ ತುಂಬಿದಾಗ ಮುಳುಗುವ ಪ್ರದೇಶದಲ್ಲಿ ಅಭಯಾರಣ್ಯದ ನದೀತೀರದ ಕಾಡೂ ಸೇರಿದೆ. ದೇಶದ ಉದ್ದಗಲಕ್ಕೂ ಇರುವ ಕೆಂದಲೆ ಗಿಳಿ ಇದರಿಂದ ಒಂದು ಪ್ರಭೇದವಾಗಿ ಅಳಿಯುವುದಿಲ್ಲ. ಆದರೆ ಮುಳುಗಿದ ಹಳೆಯ ಹೊಳೆಮತ್ತಿಗೆ ಬದಲಾಗಿ ಬೇರೆಡೆ ನೆಟ್ಟ ಸಸಿಯಲ್ಲಿ ಪೊಟರೆ ಮೂಡಲು ಅನೇಕ ದಶಕಗಳು ಬೇಕಾಗುತ್ತವೆ.

ಮನುಷ್ಯರೊಡನೆ

ಪಾಶ್ಚಾತ್ಯ ಸಾಹಿತ್ಯದಲ್ಲಿ ಗಿಳಿಯ ಅತ್ಯಂತ ಹಳೆಯ ವರ್ಣನೆ ಈ ಪ್ರಭೇದದ್ದೇ ಎಂಬ ಅಭಿಪ್ರಾಯವಿದೆ. ಪರ್ಷಿಯಾದ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಕ್ಟೀಸಿಯಸ್, ಕ್ರಿಸ್ತಪೂರ್ವ ಐದನೆಯ ಶತಮಾನದ ಕೊನೆಯ ಹೊತ್ತಿಗೆ ಭಾರತದ ಬಗ್ಗೆ ಬರೆಯುತ್ತ, ಮನುಷ್ಯರಂತೆ ಮಾತನಾಡುವ ಒಂದು ಹಕ್ಕಿಯನ್ನು ವರ್ಣಿಸಿದ್ದಾನೆ. ಕೆಂಪು ಮುಖ, ಕಪ್ಪು ಗಡ್ಡ, ಕಡುನೀಲಿ ಕೊರಳು ಎಂಬ ಅವನ ವಿವರ ಗಂಡು ಕೆಂದಲೆ ಗಿಳಿಗೆ ಚೆನ್ನಾಗಿ ಹೊಂದುತ್ತದೆ. ಅದು ಭಾರತೀಯರ ಭಾಷೆಯನ್ನಾಡುತ್ತದೆ, ಕಲಿಸಿದರೆ ಗ್ರೀಕ್ ಭಾಷೆಯನ್ನೂ ಆಡಬಲ್ಲದು ಎಂದು ಅವನು ಹೇಳುತ್ತಾನೆ. ಅಂದರೆ ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಈ ಹಕ್ಕಿಯ ಕೀರ್ತಿ ದೂರದ ದೇಶಗಳನ್ನು ಮುಟ್ಟಿತ್ತು.

ಏಳನೆಯ ಶತಮಾನದ ಬಾಣಭಟ್ಟನ ‘ಕಾದಂಬರಿ’ಯನ್ನು ನಾಗವರ್ಮನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದಿದ್ದಾನೆ. ಅದರ ಕಥೆ ಹೇಳುವುದೇ ಒಂದು ಗಿಳಿ. ವಿಂಧ್ಯದ ಕಾಡಿನ ಹಳೆಯ ಬೂರುಗದ ಮರವನ್ನು ಮುದಿ ಬೇಡನೊಬ್ಬ ಹತ್ತಿ ಪೊಟರೆಗಳಿಂದ ಗಿಳಿಗಳನ್ನು ಹೊರಗೆಳೆದು ಕೊಲ್ಲುವ ಪ್ರಸಂಗ ಅದರಲ್ಲಿ ಬರುತ್ತದೆ. ಬದುಕಿ ಉಳಿದ ಮರಿಯೇ ಮುಂದೆ ಕಥೆ ಹೇಳುತ್ತದೆ. ಅದು ಯಾವ ಪ್ರಭೇದವೆಂದು ಕವಿ ಹೇಳುವುದಿಲ್ಲ. ಆದರೆ ಗಿಳಿಗಳಿಗೆ ಬರುವ ಆಪತ್ತು ಹೇಗೆ ಬರುತ್ತದೆಂಬುದನ್ನು ಕವಿ ಬಲ್ಲವನಾಗಿದ್ದನು. ಇಂದಿಗೂ ಮರಿಗಳನ್ನು ಹಿಡಿಯುವವರು ಮರ ಹತ್ತಿ ಪೊಟರೆಯ ಬಾಯಿಯನ್ನು ಕಡಿದು ಅಗಲಿಸುತ್ತಾರೆ. ಇದರಿಂದ ಆ ವರ್ಷದ ಮರಿಗಳಷ್ಟೇ ಅಲ್ಲ, ಮುಂದಿನ ವರ್ಷಗಳ ಗೂಡೂ ಹಾಳಾಗುತ್ತದೆ.

ಪಂಜರದಲ್ಲಿ ಈ ಗಿಳಿ ಸಿಳ್ಳೆಗಳನ್ನೂ ಕೆಲವು ಮಾತುಗಳನ್ನೂ ಅನುಕರಿಸಬಲ್ಲದು. ಆದರೆ ಬಯಸಿ ತಂದವರಿಗೆ ಸಿಗುವ ಮರಿಯ ತಲೆ ಹಸಿರು. ಅದು ಗಂಡೋ ಹೆಣ್ಣೋ ಎಂದು ಆಗ ಹೊರನೋಟಕ್ಕೆ ತಿಳಿಯದು. ಗಂಡಾಗಿದ್ದರೂ ಕೆಂಪು ಮೂಡುವವರೆಗೆ ಅದು ಬದುಕಿರಬೇಕು. ಮರದಿಂದ ಮರಕ್ಕೆ ವೇಗವಾಗಿ ತಿರುಗಿ ಹಾರುವ, ಗುಂಪಿನೊಡನೆ ಇರುವ, ಸಣ್ಣ ಸದ್ದಿಗೂ ಬೆಚ್ಚುವ ಹಕ್ಕಿಗೆ ಪಂಜರ ತಕ್ಕ ಜಾಗವಲ್ಲ. ಬೆದರಿದಾಗ ಅದು ಸರಳುಗಳಿಗೆ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತದೆ. ಒಂಟಿಯಾಗಿ ಇರಿಸಿದ ಗಿಳಿಗಳು ತಮ್ಮ ಗರಿಗಳನ್ನೇ ಕಿತ್ತುಕೊಳ್ಳುವುದುಂಟು.

ಕಾನೂನು

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಪ್ರಭೇದವನ್ನು ಕನಿಷ್ಠ ಕಾಳಜಿಯ ವರ್ಗದಲ್ಲಿ ಇರಿಸಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇದರ ಹೆಸರಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕೆ ಉಂಟು. 2022ರ ತಿದ್ದುಪಡಿಯ ನಂತರ ಇದು ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ.

ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಮಾರುವ ಲವ್ ಬರ್ಡ್ಸ್, ಬಡ್ಜಿ, ಕಾಕಟೀಲ್‌ಗಳು ವಿದೇಶಿ ಮೂಲದ ಹಕ್ಕಿಗಳು. ಅವನ್ನು ಸಾಕಬಹುದಾದರೆ ಗಿಳಿಯನ್ನೂ ಸಾಕಬಹುದೆಂಬ ತಿಳಿವಳಿಕೆ ಸರಿಯಲ್ಲ. ಕೆಂದಲೆ ಗಿಳಿಯೂ ಸೇರಿದಂತೆ ಭಾರತದ ಯಾವುದೇ ಕಾಡುಗಿಳಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇರಿಸಿಕೊಳ್ಳುವುದು ಅಪರಾಧ. ಇದಕ್ಕೆ ಮೂರು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಗಿಣಿಶಾಸ್ತ್ರ ಹೇಳುವವರು ಪಂಜರದಲ್ಲಿಡುವ ಗಿಳಿಗಳಿಗೂ ಈ ನಿಯಮ ಅನ್ವಯಿಸುತ್ತದೆ.

ಮರ ಉರುಳಿದಾಗ ಅಥವಾ ಬಿರುಗಾಳಿಯ ನಂತರ ನೆಲದಲ್ಲಿ ಮರಿ ಸಿಕ್ಕಿದರೆ, ತಾಯಿ ಹಕ್ಕಿ ಹತ್ತಿರದಲ್ಲೇ ಇರುವ ಸಂಭವವಿರುವುದರಿಂದ ಅದನ್ನು ಮನೆಗೆ ಒಯ್ಯದೆ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು.